ತೊಕುಜಿಯವರು ಬಟ್ಟಲು ಕೂಡಿಟ್ಟದ್ದು

ಮಿಝೊಕಮಿ ತೊಕುಜಿಯವರು ಅರವತ್ತನಾಲ್ಕು ವರ್ಷ ಯಾವ ದುಶ್ಚಟವೂ ಇಲ್ಲದೆ ಬದುಕಿದವರು. ಒಳ್ಳೆಯ ಚಟವೂ ಇರಲಿಲ್ಲ ಎನ್ನುವುದು ಬೇರೆ ಮಾತು. ಮೂವತ್ತಾರು ವರ್ಷ ಊರಿನ ಮನೆಮನೆಗೆ ಹೋಗಿ ನೀರಿನ ಮೀಟರು ಓದಿದರು. ನಿವೃತ್ತರಾದ ಮೇಲೆ ಓದುವುದಕ್ಕೆ ಏನೂ ಉಳಿಯಲಿಲ್ಲ. ಬೆಳಿಗ್ಗೆ ಎದ್ದು ಟಿವಿ ಹಾಕುವುದು, ಮಧ್ಯಾಹ್ನ ಟಿವಿ ಮುಂದೆ ತೂಕಡಿಸುವುದು, ಸಂಜೆ ಹೆಂಡತಿ ಕಿನುಯೊ ಬಂದು ಆರಿಸಿದರೆ “ನಾನು ನೋಡ್ತಿದ್ದೆ” ಎನ್ನುವುದು, ಇಷ್ಟೇ ದಿನಚರಿ. ಹೀಗೇ ಇದ್ದಿದ್ದರೆ ಸುಖವಾಗಿ ಸಾಯುತ್ತಿದ್ದರು. ಆದರೆ ಪಕ್ಕದ ಬೀದಿಯ ಎಗುಚಿಯವರ ತಾಯಿಯ ಮೂರನೇ ವರ್ಷದ ತಿಥಿ ಬಂತು.

ಎಗುಚಿಯವರು ಕೇರಿ ಸಂಘದ ಅಧ್ಯಕ್ಷರು. ಆದ್ದರಿಂದ ತಿಥಿಯೂಟಕ್ಕೆ ಅರ್ಧ ಕೇರಿಯೇ ಸೇರಿತ್ತು. ಅವರ ಜೊತೆ ಶಾಲೆಯಲ್ಲಿ ಓದಿದವರೆಂದು ಕಿನುಯೊಳ ಅಣ್ಣ ಶಿಗೆಮಿತ್ಸು ಕೂಡ ಬಂದಿದ್ದರು. ಇವರು ಬ್ಯಾಂಕಿನಲ್ಲಿ ಉಪವ್ಯವಸ್ಥಾಪಕರಾಗಿ ನಿವೃತ್ತರಾದವರು. ಕುಂಡದಲ್ಲಿ ಕುಳ್ಳ ಪೈನ್ ಮರ ಬೆಳೆಸುತ್ತಿದ್ದರು, ವಾರಕ್ಕೊಂದು ಗುಡ್ಡ ಹತ್ತುತ್ತಿದ್ದರು, ಫ್ರೆಂಚ್ ಕಲಿಯುತ್ತಿದ್ದರು. ಬೇಯಿಸಿದ ತಾವರೆ ಗೆಡ್ಡೆಯ ಹೋಳನ್ನು ಬಾಯಿಗಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಏನು ತೊಕುಜಿ, ನಿಂದೇನು ಹವ್ಯಾಸ ಈಗ? ಮನುಷ್ಯನಿಗೆ ಒಂದು ಹವ್ಯಾಸ ಬೇಕಪ್ಪ. ಇಲ್ದಿದ್ರೆ ಮಿದುಳು ಉಪ್ಪಿನಕಾಯಿ ಆಗಿಹೋಗುತ್ತೆ.”

ಇಡೀ ಪಂಕ್ತಿ ತೊಕುಜಿಯವರತ್ತ ತಿರುಗಿತು. ಅವರ ಕೈಯಲ್ಲಿ ಆಗ ಪಿಂಗಾಣಿಯ ಚಹಾ ಬಟ್ಟಲಿತ್ತು. ಬೇರೇನಾದರೂ ಇದ್ದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಮೂಲಂಗಿ ಇದ್ದಿದ್ದರೆ ಮೂಲಂಗಿ ಎನ್ನುತ್ತಿದ್ದರೋ ಏನೋ.

“ನಾನು... ಚಹಾ ಬಟ್ಟಲು ಸಂಗ್ರಹಿಸ್ತೀನಿ, ಭಾವ.”

“ಪಿಂಗಾಣಿದಾ?” ಶಿಗೆಮಿತ್ಸು ಗಹಗಹಿಸಿದರು. “ಪಿಂಗಾಣಿಯ ತವರು ಅರಿತಾಕ್ಕೆ ಮೂರು ಸ್ಟೇಷನ್ ದೂರದಲ್ಲಿ ಕೂತ್ಕೊಂಡು ಪಿಂಗಾಣಿ ಸಂಗ್ರಹಿಸ್ತೀಯಾ? ಸಮುದ್ರದ ದಡದಲ್ಲಿ ಕೂತು ಮರಳು ಕೂಡಿಟ್ಟ ಹಾಗಾಯ್ತಲ್ಲಯ್ಯ!”

ಎಲ್ಲರೂ ನಕ್ಕರು. ತೊಕುಜಿಯವರ ಕಿವಿ ಕೆಂಪಾಯಿತು. ಹಿಂದಿನ ವಾರ ಟಿವಿಯಲ್ಲಿ, ಅರೆನಿದ್ದೆಯಲ್ಲಿ, ಗಡ್ಡದವರೊಬ್ಬರು ಬಟ್ಟಲನ್ನು ಬೋರಲು ಹಾಕಿ ಏನೋ ಹೇಳಿದ್ದು ಮಸುಕಾಗಿ ನೆನಪಿತ್ತು. ಕೈಯಲ್ಲಿದ್ದ ಬಟ್ಟಲಿನ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬೋರಲು ಹಾಕಿ, ಕಣ್ಣು ಕಿರಿದು ಮಾಡಿ ನೋಡಿದರು.

“ಎಲ್ಲರೂ ಹೂವಿನ ಚಿತ್ರ ನೋಡ್ತಾರೆ, ಭಾವ. ನಾನು ಅಡಿ ನೋಡ್ತೀನಿ. ಅಡಿ ಮಾತಾಡುತ್ತೆ.”

ನಗು ನಿಂತಿತು. ಅಡಿ ಮಾತಾಡುತ್ತದೆ ಎನ್ನುವವನನ್ನು ನೋಡಿ ನಗುವ ಧೈರ್ಯ ಯಾರಿಗಿದೆ? ಎಗುಚಿಯವರು ತಲೆದೂಗಿದರು. ಶಿಗೆಮಿತ್ಸು ತಾವರೆ ಗೆಡ್ಡೆಯನ್ನು ಅಗಿಯದೆ ನುಂಗಿದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಕಿನುಯೊ ಮಾತ್ರ ಗಂಡನನ್ನು ಒಮ್ಮೆ ನೋಡಿ, ತನ್ನ ಅನ್ನದ ಬಟ್ಟಲಿನತ್ತ ಕಣ್ಣು ತಗ್ಗಿಸಿದಳು.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಇವಾನಾಗಾ ಅಜ್ಜಿ ನಿಂತಿದ್ದರು. ಎಂಬತ್ತೊಂದರ ವಿಧವೆ. ಎದೆಗವುಚಿಕೊಂಡ ಬಟ್ಟೆಯ ಗಂಟಿನಲ್ಲಿ ಒಂದು ಮರದ ಪೆಟ್ಟಿಗೆ.

“ತೊಕುಜಿಸಾನ್, ನೀವು ಬಟ್ಟಲು ಕೂಡಿಡ್ತೀರಂತೆ. ನಮ್ಮ ಯಜಮಾನರವು ಇವು. ಹೋಗಿ ಐದು ವರ್ಷ ಆಯ್ತು. ನಂಗೆ ಎಸೆಯೋಕೆ ಕೈ ಬರಲ್ಲ. ಗೊತ್ತಿದ್ದವರ ಹತ್ರ ಇದ್ರೆ ಅವರಿಗೂ ಸಮಾಧಾನ.”

ಬೇಡ ಎನ್ನಲು ತೊಕುಜಿಯವರು ಬಾಯಿ ತೆರೆದರು. ಅಜ್ಜಿಯ ಕಣ್ಣಲ್ಲಿ ನೀರಿತ್ತು. ತೆರೆದ ಬಾಯಿಂದ ಬೇರೆಯೇ ಮಾತು ಹೊರಬಿತ್ತು: “ನನ್ನ ಪುಣ್ಯ.” ಎರಡೂ ಕೈಯಲ್ಲಿ ಪೆಟ್ಟಿಗೆ ಇಸಿದುಕೊಂಡು, ತಜ್ಞರು ಸುಮ್ಮನಿರಬಾರದಲ್ಲ ಎಂದು, ಒಳಗಿದ್ದವುಗಳಲ್ಲಿ ಅತ್ಯಂತ ದಪ್ಪನೆಯದನ್ನು ಎತ್ತಿ ಬೋರಲು ಹಾಕಿ, “ಆಹಾ! ಇದರ ಅಡಿ...” ಎಂದು ಮಾತು ಬಾರದವರಂತೆ ನಿಂತರು. ಅಜ್ಜಿ ಅವರನ್ನೂ ಅದನ್ನೂ ಸ್ವಲ್ಪ ಹೊತ್ತು ನೋಡಿ, ಬಗ್ಗಿ ನಮಸ್ಕರಿಸಿ ಹೋದರು.

ಕೊಟ್ಟವರಿಗೆ ತಿರುಗಿ ಏನಾದರೂ ಕೊಡದಿದ್ದರೆ ಮರ್ಯಾದೆ ಉಳಿಯುವುದಿಲ್ಲ. ಕಿನುಯೊ ತಾನು ಮೂರು ಬೇಸಿಗೆಯಲ್ಲಿ ಹಾಕಿಟ್ಟಿದ್ದ ಹುಳಿ ಪ್ಲಮ್ ಉಪ್ಪಿನಕಾಯಿಯ ಒಂದು ಜಾಡಿ ತೆಗೆದು ಅಜ್ಜಿಯ ಮನೆಗೆ ಕೊಟ್ಟು ಬಂದಳು. ಉಪ್ಪಿನಕಾಯಿ ತಿಂದ ಅಜ್ಜಿ ಬರಿಗೈಯಲ್ಲಿ ಇರಲಾದೀತೆ? ಮೂರನೇ ದಿನ ಇನ್ನೊಂದು ಪೆಟ್ಟಿಗೆ ತಂದರು. ಜೊತೆಗೆ ತಂಗಿಯನ್ನೂ ಕರೆತಂದರು. ತಂಗಿಯ ಕೈಯಲ್ಲೂ ಪೆಟ್ಟಿಗೆ.

ಆ ವಾರ ಮನೆಯಿಂದ ಮನೆಗೆ ಸುತ್ತುವ ಸಂಘದ ಸುತ್ತೋಲೆ ಹಲಗೆಯಲ್ಲಿ, ಚರಂಡಿ ಶುಚಿ ಮಾಡುವ ದಿನಾಂಕ ಮತ್ತು ಕಾಡುಹಂದಿಯ ಎಚ್ಚರಿಕೆಯ ನಡುವೆ, ಎಗುಚಿಯವರು ಸ್ವಹಸ್ತದಿಂದ ಬರೆದಿದ್ದರು: “ನಮ್ಮ ಕೇರಿಯ ಮಿಝೊಕಮಿಯವರು ಪಿಂಗಾಣಿ ಚಹಾ ಬಟ್ಟಲುಗಳ ಸಂಗ್ರಾಹಕರೆಂದು ತಿಳಿಸಲು ಹೆಮ್ಮೆಪಡುತ್ತೇವೆ. ಸಹಕರಿಸಿರಿ.”

ಕೇರಿ ಸಹಕರಿಸಿತು. ಅದು ವಯಸ್ಸಾದ ಕೇರಿ. ಪ್ರತಿ ಮನೆಯ ಅಟ್ಟದಲ್ಲೂ ಹೋದವರ ಬಟ್ಟಲುಗಳಿದ್ದವು. ಮದುವೆಗೆ ಉಡುಗೊರೆಯಾಗಿ ಬಂದವು, ಸಾವಿನ ಮನೆಯವರು ಕೊಟ್ಟವು, ಸಹಕಾರ ಸಂಘದ ರಜತ ಮಹೋತ್ಸವಕ್ಕೆ ಬಂದವು. ಮಕ್ಕಳು ದೂರದಿಂದ ಫೋನಿನಲ್ಲಿ “ನಮಗೆ ಬೇಡಮ್ಮ, ಎರಡು ಮಗ್ ಇವೆ, ಸಾಕು” ಎನ್ನುತ್ತಿದ್ದರು. ಹೀಗಿರುವಾಗ, ಬೇಕು ಎನ್ನುವ ಒಬ್ಬನೇ ಒಬ್ಬ ಮನುಷ್ಯ ಕೇರಿಯಲ್ಲಿದ್ದಾನೆ ಎಂದರೆ ಅದೇನು ಸಾಮಾನ್ಯ ಸುದ್ದಿಯೇ? ದಿನಕ್ಕೆ ಎರಡು ಸಲ, ಮೂರು ಸಲ ಬಾಗಿಲ ಗಂಟೆ ಬಾರಿಸತೊಡಗಿತು. ತೊಕುಜಿಯವರು ಪ್ರತಿ ಸಲವೂ ಬೇಡ ಎನ್ನುವ ದೃಢ ಸಂಕಲ್ಪದಿಂದ ಹೋಗುತ್ತಿದ್ದರು, ಪ್ರತಿ ಸಲವೂ ಪೆಟ್ಟಿಗೆಯೊಂದಿಗೆ ಮರಳುತ್ತಿದ್ದರು. ಉಪ್ಪಿನಕಾಯಿ ಜಾಡಿಗಳು ಹದಿನೈದು ದಿನದಲ್ಲಿ ಮುಗಿದವು.

“ಏನ್ರೀ,” ಎಂದಳು ಕಿನುಯೊ ಖಾಲಿ ಜಾಡಿಯ ತಳ ನೋಡುತ್ತ, “ಹೇಳಿಬಿಡಿ. ಹಾಗಲ್ಲ, ಸುಮ್ನೆ ಅಂದೆ ಅಂತ ಹೇಳಿಬಿಡಿ.”

“ಹೇಳ್ತೀನಿ. ನಾಳೆ ಹೇಳ್ತೀನಿ. ಇವತ್ತು ಹೇಳಿದ್ರೆ ನಿನ್ನೆ ಕೊಟ್ಟವರಿಗೆ ಬೇಜಾರಾಗುತ್ತೆ.”

ನಾಳೆ ಹೇಳಿದರೆ ಇವತ್ತು ಕೊಟ್ಟವರಿಗೆ ಬೇಜಾರಾಗುತ್ತಿತ್ತು. ಈ ಲೆಕ್ಕದಲ್ಲಿ ಹೇಳುವ ದಿನ ಬರುವಂತಿರಲಿಲ್ಲ.

ಹಾಗೆಂದು ತೊಕುಜಿಯವರು ಪ್ರಯತ್ನಪಡಲಿಲ್ಲವೆಂದಲ್ಲ. ಪಕ್ಕದ ಪಟ್ಟಣದ ಹಳೇ ಸಾಮಾನಿನ ಅಂಗಡಿಗೆ ಒಂದು ಪೆಟ್ಟಿಗೆ ಹೊತ್ತುಕೊಂಡು ಹೋದರು. ಅಂಗಡಿಯವನು ಪೆಟ್ಟಿಗೆಯನ್ನು ತೆರೆಯಲೂ ಇಲ್ಲ.

“ಯಜಮಾನ್ರೇ, ಇದು ಯಾರಿಗೂ ಬೇಡ. ಪುಕ್ಕಟೆ ಕೊಟ್ರೂ ಬೇಡ. ಗೋದಾಮಿನಲ್ಲಿ ನನ್ನ ಹತ್ರ ಎರಡು ಸಾವಿರ ಇದೆ. ಹೌದೂ, ನೀವು ಆ ಸಂಗ್ರಹ ಮಾಡೋ ಮಿಝೊಕಮಿಸಾನ್ ಅಲ್ವಾ?”

ಹೋಗುವಾಗ ಒಂದು ಪೆಟ್ಟಿಗೆಯಿದ್ದ ತೊಕುಜಿಯವರು ಬರುವಾಗ ಮೂರು ಪೆಟ್ಟಿಗೆಯೊಂದಿಗೆ ರೈಲಿಳಿದರು.

ಉಳಿದದ್ದು ಕಸದ ದಾರಿ. ಸುಡಲಾಗದ ಕಸಕ್ಕೆ ತಿಂಗಳಿಗೆ ಒಂದೇ ದಿನ. ಚೀಲ ಪಾರದರ್ಶಕವಾಗಿರಬೇಕು, ಮೇಲೆ ಮನೆಯವರ ಹೆಸರು ಬರೆದಿರಬೇಕು. ಯಾರ ಕಸ ಯಾರದ್ದೆಂದು ಇಡೀ ಕೇರಿಗೆ ಗೊತ್ತಿರಲಿ ಎಂದು ಈ ವ್ಯವಸ್ಥೆ. ಹೆಸರಿಲ್ಲದ ಚೀಲವನ್ನು ಲಾರಿಯವರು ಮುಟ್ಟುವುದಿಲ್ಲ. ಆದ್ದರಿಂದ ತೊಕುಜಿಯವರು ನಿಯಮ ಮುರಿದರು. ಜೀವಮಾನದಲ್ಲಿ ಮೊದಲ ಸಲ. ಲಾರಿ ಬರಲು ಐದೇ ನಿಮಿಷ ಇರುವಾಗ, ಮೂರು ಬೀದಿ ಆಚೆಯ ಕಸದ ಕಟ್ಟೆಯಲ್ಲಿ, ಹೆಸರಿಲ್ಲದ ನಾಲ್ಕು ಚೀಲಗಳನ್ನಿಟ್ಟು ತಿರುಗಿ ನೋಡದೆ ಬಂದರು. ಹೆಜ್ಜೆ ಹಗುರವಾಗಿತ್ತು. ದಾರಿಯಲ್ಲಿ ಹಾಡು ಕೂಡ ಗುನುಗಿದರಂತೆ.

ಹತ್ತೂವರೆಗೆ ಬಾಗಿಲ ಗಂಟೆ ಬಾರಿಸಿತು. ಎಗುಚಿಯವರು, ಅವರ ಹಿಂದೆ ಸಂಘದ ನಾಲ್ವರು ಹಿರಿಯರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ!

“ತೊಕುಜಿಸಾನ್, ಗಾಬರಿಯಾಗ್ಬೇಡಿ. ನಿಮ್ಮನೇಲಿ ಕಳ್ಳತನ ಆಗಿದೆ.”

“ಹೌದಾ?” ಎಂದರು ತೊಕುಜಿಯವರು.

“ಯಾರೋ ಪಾಪಿ ನಿಮ್ಮ ಬಟ್ಟಲು ಕದ್ದು, ಬೆಲೆ ತಿಳೀದೆ ಕಸಕ್ಕೆ ಹಾಕಿದಾನೆ. ಲಾರಿಯವನ ಕೈಯಿಂದ ಕಿತ್ಕೊಂಡು ಬಂದ್ವಿ. ಒಂದೂ ಒಡೆದಿಲ್ಲ, ನೋಡಿ! ಇನ್ಮೇಲೆ ಸಂಘದವರು ಸರದಿ ಮೇಲೆ ನಿಮ್ಮ ಮನೆ ಕಾಯ್ತೀವಿ.”

ಅಂದಿನಿಂದ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಸದಾ ಒಬ್ಬರು ಮುದುಕರು ಕೂರತೊಡಗಿದರು. ಒಳಗಿನ ಬಟ್ಟಲು ಹೊರಗೆ ಹೋಗುವ ದಾರಿ ಮುಚ್ಚಿತು. ಹೊರಗಿನದು ಒಳಗೆ ಬರುವ ದಾರಿ ಮಾತ್ರ ತೆರೆದೇ ಇತ್ತು.

ಮುಂದಿನ ಕೋಣೆ ತುಂಬಿತು. ಕಿನುಯೊಳ ಹೊಲಿಗೆ ಯಂತ್ರ ಗೆಳತಿಯ ಮನೆಗೆ ಹೋಯಿತು, ಆ ಜಾಗವೂ ತುಂಬಿತು. ಸ್ನಾನದ ತೊಟ್ಟಿ ತುಂಬಿದ ಮೇಲೆ ಗಂಡ ಹೆಂಡತಿ ಸಾರ್ವಜನಿಕ ಸ್ನಾನದ ಮನೆಗೆ ಹೋಗತೊಡಗಿದರು. ನಡುಮನೆಯ ನೆಲ ಒಂದು ಮಗ್ಗುಲಿಗೆ ಕುಸಿಯಲು ಶುರುವಾದಾಗ ಬಡಗಿಯನ್ನು ಕರೆಸಿದರು. ಅವನು ಚಾಪೆ ಎತ್ತಿ, ನೆಲದಡಿಗೆ ದೀಪ ಬಿಟ್ಟು ನೋಡಿ, “ತೊಲೆ ಬಿರುಕು ಬಿಟ್ಟಿದೆ. ಇನ್ನೊಂದು ಬಟ್ಟಲು ಕೂಡ ಇಡಬೇಡಿ ಇಲ್ಲಿ” ಎಂದು ಗಂಭೀರವಾಗಿ ಎಚ್ಚರಿಸಿದ. ಮಾರನೆಯ ದಿನ ಬಂದು ತೊಲೆಗೆ ಆನಿಕೆ ಕೊಟ್ಟ. ಹೋಗುವಾಗ ತೀರಿಕೊಂಡ ತನ್ನ ತಾಯಿಯ ಹದಿನೆಂಟು ಬಟ್ಟಲು ಬಿಟ್ಟು ಹೋದ.

ಆ ಹದಿನೆಂಟನ್ನು ಇಡಲು ಜಾಗವಿಲ್ಲದೆ ತೊಕುಜಿಯವರು ಹಾಸಿಗೆ ಮಡಚಿಡುವ ಕಪಾಟು ತೆರೆದು, ಕಿನುಯೊಳ ಹಾಸಿಗೆಯನ್ನು ಮೊಗಸಾಲೆಗೆ ಎಳೆದರು. ಕಿನುಯೊ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ತೊಕುಜಿಯವರಿಗೆ ಧೈರ್ಯ ಬರುತ್ತಿತ್ತು.

“ಅಣ್ಣನ ಮನೆಗೆ ಹೋಗ್ತೀನಿ,” ಎಂದಳು. “ಅಲ್ಲಿ ಕಾಲು ಚಾಚೋಕೆ ಜಾಗ ಇದೆ. ಅನ್ನದ ಪಾತ್ರೆ ಒಲೆ ಮೇಲಿದೆ.”

“ಯಾವಾಗ ಬರ್ತೀಯ?”

“ಎಲ್ಲಿಗೆ?” ಎಂದು ಕೇಳಿದಳು ಕಿನುಯೊ. ಸುತ್ತ ನೋಡಿದರೆ ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಅವಳು ಸೂಟ್‌ಕೇಸ್ ಹಿಡಿದು ಹೊರಟಾಗ ಕಾವಲಿನ ಕುರ್ಚಿಯ ಮುದುಕರು ಎದ್ದು ನಿಂತು, ಸೂಟ್‌ಕೇಸಿನಲ್ಲಿ ಬಟ್ಟಲಿಲ್ಲವೆಂದು ಖಚಿತ ಮಾಡಿಕೊಂಡು, ಬಗ್ಗಿ ನಮಸ್ಕರಿಸಿ ಬೀಳ್ಕೊಟ್ಟರು.

ಒಂಟಿಯಾದ ತೊಕುಜಿಯವರು ಮೂರು ದಿನ ಅದೇ ಅನ್ನ ತಿಂದರು. ನಾಲ್ಕನೇ ದಿನ ನಗರಸಭೆಯ ಸಂಸ್ಕೃತಿ ವಿಭಾಗದಿಂದ ಕುವಾಬಾರ ಎಂಬ ಯುವ ಅಧಿಕಾರಿ ಬಂದ. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಸರ್ಕಾರಿ ಉತ್ಸಾಹ. ಪೆಟ್ಟಿಗೆಗಳ ನಡುವೆ ಅಡ್ಡಡ್ಡ ನಡೆದು ಬಂದು ಮಂಡಿಯೂರಿದ.

“ಸೆನ್ಸೇಯ್,” ಎಂದ. ಸೆನ್ಸೇಯ್ ಎಂದರೆ ಗುರುಗಳು. ತೊಕುಜಿಯವರು ಹಿಂದೆ ತಿರುಗಿ ನೋಡಿದರು. ಹಿಂದೆ ಬಟ್ಟಲುಗಳ ಹೊರತು ಯಾರೂ ಇರಲಿಲ್ಲ.

“ಸೆನ್ಸೇಯ್, ಬರೋ ಭಾನುವಾರ ಸಮುದಾಯ ಭವನದಲ್ಲಿ ತಮ್ಮ ಉಪನ್ಯಾಸ ಇಟ್ಕೊಂಡಿದೀವಿ. ವಿಷಯ, ‘ಅಡಿಯ ಮಾತು’. ಒಂದು ಗಂಟೆ. ಆಮೇಲೆ ಪ್ರಶ್ನೋತ್ತರ.”

“ನಂಗೇನೂ ಗೊತ್ತಿಲ್ಲಪ್ಪ.”

“ದೊಡ್ಡವರೆಲ್ಲ ಹೀಗೇ ಹೇಳೋದು. ಅದಕ್ಕೇ ಕರಪತ್ರ ಮೊದಲೇ ಅಚ್ಚು ಹಾಕಿಸಿಬಿಟ್ವಿ.”

ಆ ವಾರವಿಡೀ ತೊಕುಜಿಯವರು ಒಂದು ನಿರ್ಧಾರವನ್ನು ಕಾಪಿಟ್ಟರು. ಹೇಳಿಬಿಡುವುದು. ಎಲ್ಲರೂ ಒಂದೇ ಕಡೆ ಸೇರುತ್ತಾರೆ, ಒಂದೇ ಸಲಕ್ಕೆ ಮುಗಿಯುತ್ತದೆ. ಬೈಯುತ್ತಾರೆ, ಬೈಯಲಿ. ತಮ್ಮ ತಮ್ಮ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾರೆ, ಹೋಗಲಿ. ಮನೆ ಖಾಲಿಯಾಗುತ್ತದೆ. ಕಿನುಯೊ ಬರುತ್ತಾಳೆ. ಇರುವ ಒಂದೇ ಸೂಟನ್ನು, ಅಂದರೆ ಸಾವಿನ ಮನೆಗೆ ಹೋಗುವ ಕಪ್ಪು ಸೂಟನ್ನು ಹಾಕಿಕೊಂಡು ಭಾನುವಾರ ವೇದಿಕೆ ಹತ್ತಿದರು. ಭವನ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಇವಾನಾಗಾ ಅಜ್ಜಿ, ಎಗುಚಿ, ಬಡಗಿ. ಎರಡನೇ ಸಾಲಿನಲ್ಲಿ ಶಿಗೆಮಿತ್ಸು. ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ಕಿನುಯೊ ಬಂದಿರಲಿಲ್ಲ.

ತೊಕುಜಿಯವರು ಮೈಕಿನ ಮುಂದೆ ನಿಂತರು. ಆಮೇಲೆ ನೆಲಕ್ಕೆ ಮಂಡಿಯೂರಿ ಹಣೆ ಹಚ್ಚಿದರು. ಮೈಕು ಎತ್ತರದಲ್ಲೇ ಉಳಿಯಿತು. ಕುವಾಬಾರ ಓಡಿ ಬಂದು ಅದನ್ನು ಅವರ ಬಾಯಿಯ ಹತ್ತಿರ ಹಿಡಿದ.

“ಕ್ಷಮಿಸಿ. ನಾನು ಸುಳ್ಳು ಹೇಳಿದೆ. ನಾನು ಯಾವ ಬಟ್ಟಲನ್ನೂ ಸಂಗ್ರಹಿಸ್ತಿರ್ಲಿಲ್ಲ. ಅವತ್ತು ಕೈಯಲ್ಲಿ ಅದಿತ್ತು, ಹಾಗಾಗಿ ಅಂದೆ. ಅಡಿ ಮಾತಾಡಲ್ಲ. ನಾನು ಎಷ್ಟು ಸಲ ತಿರುಗಿಸಿ ನೋಡಿದ್ರೂ ಒಂದು ಅಕ್ಷರ ಮಾತಾಡಿಲ್ಲ. ದಯವಿಟ್ಟು ನಿಮ್ಮ ನಿಮ್ಮ ಬಟ್ಟಲು ವಾಪಸ್ ತಗೊಂಡು ಹೋಗಿ. ನನ್ನ ಹೆಂಡತಿ ಮನೆ ಬಿಟ್ಟು ಹೋಗಿದಾಳೆ.”

ಭವನದಲ್ಲಿ ಒಂದು ಕೆಮ್ಮು ಕೇಳಿಸಿತು. ಮತ್ತೊಂದು. ತೊಕುಜಿಯವರು ಬೈಗುಳಕ್ಕಾಗಿ ಕಾದರು. ಕೊನೆಗೆ ಇವಾನಾಗಾ ಅಜ್ಜಿ ಕೋಲೂರಿ ಎದ್ದರು.

“ಅದು ನಮಗೆ ಗೊತ್ತಿತ್ತಲ್ಲ, ತೊಕುಜಿಸಾನ್.”

ಹಣೆ ನೆಲದಿಂದ ಮೇಲೆದ್ದಿತು. “ಗೊತ್ತಿತ್ತಾ?”

“ಮೊದಲ ದಿನವೇ ಗೊತ್ತಾಯ್ತು. ಅಷ್ಟು ಬಟ್ಟಲಿರುವಾಗ ನೀವು ಎತ್ತಿಕೊಂಡು ಆಹಾ ಅಂದಿದ್ದು ನಮ್ಮ ಯಜಮಾನರು ಸಿಗರೇಟಿನ ಬೂದಿ ಹಾಕ್ತಿದ್ದ ತಟ್ಟೇನ.”

“ನಮ್ಮನೆಯದರಲ್ಲಿ,” ಎಂದ ಬಡಗಿ ಸಂಕೋಚದಿಂದ, “ಅಪ್ಪ ಮೀಸೆಗೆ ಬಣ್ಣ ಕಲಸ್ತಿದ್ದ ಬಟ್ಟಲೊಂದಿತ್ತು. ಅದನ್ನೇ ಹೊಗಳಿದ್ರಿ.”

“ಹಾಗಾದ್ರೆ... ಗೊತ್ತಿದ್ದೂ ಯಾಕೆ ತಂದ್ರಿ?”

ಅಜ್ಜಿ ಹಿಂದಿನ ಸಾಲುಗಳತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ, ಎಲ್ಲರ ಪರವಾಗಿ ಎನ್ನುವಂತೆ ಹೇಳಿದರು: “ಮತ್ತೆಲ್ಲಿಗೆ ತಗೊಂಡು ಹೋಗೋದು? ಅಂಗಡಿಯವನು ಬೇಡ ಅಂದ. ಮಗಳು ಬೇಡ ಅಂದ್ಲು. ದೇವಾಲಯದ ಸ್ವಾಮಿಗಳು ಜಾಗ ಇಲ್ಲ ಅಂದ್ರು. ಕಸದ ಚೀಲಕ್ಕೆ ಹಾಕಿ ನಮ್ಮ ಹೆಸರು ಬರೆಯೋಕೆ ಮನಸ್ಸು ಬರಲ್ಲ. ಅವರು ಆಸ್ಪತ್ರೆಗೆ ಹೋಗೋ ದಿನ ಬೆಳಿಗ್ಗೆ ಅದರಲ್ಲೇ ಚಹಾ ಕುಡಿದಿದ್ರು. ನೀವು ಎರಡೂ ಕೈಯಲ್ಲಿ ತಗೊಂಡ್ರಿ. ನಮಗೆ ಅಷ್ಟು ಸಾಕು. ನಿಮಗೆ ಗೊತ್ತಿದ್ರೇನು, ಇಲ್ದಿದ್ರೇನು?”

ಯಾರೋ ಮೂಗೊರೆಸಿಕೊಂಡರು. ಎಗುಚಿಯವರು ಇಂಥ ಸಂದರ್ಭಗಳಿಗೆಂದೇ ಅಧ್ಯಕ್ಷರಾದವರು. ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು.

“ತೊಕುಜಿಸಾನ್ ಮನಸ್ಸಿಗೆ ನೋವಾಗೋದು ಸಂಘಕ್ಕೆ ಬೇಡ. ಎಲ್ಲಾ ನ್ಯಾಯವಾಗಿ ಆಗ್ಲಿ. ತಮ್ಮ ಬಟ್ಟಲು ವಾಪಸ್ ಬೇಕು ಅನ್ನೋರು ಕೈ ಎತ್ತಿ.”

ಎಲ್ಲರೂ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು.

“ತೊಕುಜಿಸಾನ್ ಹತ್ರಾನೇ ಇರ್ಲಿ ಅನ್ನೋರು?”

ಕೈಗಳು ಗದ್ದೆಯ ಪೈರಿನಂತೆ ಎದ್ದವು. ಶಿಗೆಮಿತ್ಸು ಎರಡೂ ಕೈ ಎತ್ತಿದ್ದರು. ಕುವಾಬಾರ ಎಣಿಸಿ, ಬರೆದುಕೊಂಡು, ಇಷ್ಟೊಂದು ಒಮ್ಮತವನ್ನು ನಗರಸಭೆ ಹಿಂದೆಂದೂ ಕಂಡಿಲ್ಲವೆಂದು ಘೋಷಿಸಿದ. ಮಂಗಳವಾರ ಇಬ್ಬರು ಕೆಲಸಗಾರರು ಬಂದು ತೊಕುಜಿಯವರ ಗೇಟಿಗೆ ಹಸಿರು ಫಲಕವೊಂದನ್ನು ಜಡಿದರು: “ನಗರ ಮಾನ್ಯತೆ ಪಡೆದ ಚಹಾ ಬಟ್ಟಲುಗಳ ಮನೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸ್ವೀಕರಿಸಲಾಗುವುದು.” ‘ವೀಕ್ಷಿಸಬಹುದು’ ಎಂದಿರಬೇಕಿತ್ತು, ಬರೆಯುವಾಗ ತಪ್ಪಾಗಿದೆ ಎಂದು ಕುವಾಬಾರ ಫೋನು ಮಾಡಿ ಕ್ಷಮೆ ಕೇಳಿದ. ಮುಂದಿನ ವರ್ಷದ ಬಜೆಟ್ಟಿನಲ್ಲಿ ತಿದ್ದಿಸುವುದಾಗಿ ಮಾತು ಕೊಟ್ಟ.

ಬುಧವಾರ ಬೇರೆ ಊರಿನವರು ಬರಲು ಶುರುವಾದರು.

ಶುಕ್ರವಾರ ಮಧ್ಯಾಹ್ನ ತೊಕುಜಿಯವರು ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ಒಳಗೆ ಕೂರಲು ಈಗ ಜಾಗವಿರಲಿಲ್ಲ. ಮಲಗುವುದು ಅಡುಗೆಮನೆಯಲ್ಲಿ, ಒಂದೇ ಮಗ್ಗುಲಿಗೆ. ತಿರುಗಿದರೆ ಯಾರದೋ ಅತ್ತೆಯ ಬಟ್ಟಲು ಬೆನ್ನಿಗೆ ಒತ್ತುತ್ತಿತ್ತು. ಗೇಟು ಕಿರುಗುಟ್ಟಿತು. ತಲೆಯೆತ್ತದೆಯೇ ಅಭ್ಯಾಸಬಲದಿಂದ “ನನ್ನ ಪುಣ್ಯ” ಎನ್ನಲು ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿದರು. ಬಂದಿದ್ದವಳು ಕಿನುಯೊ. ಒಂದು ಕೈಯಲ್ಲಿ ಸೂಟ್‌ಕೇಸ್. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು.

ಗಂಟಿನಿಂದ ಟಿಣ್ ಎಂದು ಸಣ್ಣ ಸದ್ದಾಯಿತು. ಆ ಸದ್ದು ಏನೆಂದು ಊರಿನಲ್ಲಿ ತೊಕುಜಿಯವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಅತ್ತಿಗೆ ಕೊಟ್ಟರು,” ಎಂದಳು ಕಿನುಯೊ ಗಂಡನ ಮುಖ ನೋಡದೆ.

“ಅತ್ತಿಗೆಯಾ?”

“ಅಟ್ಟ ಖಾಲಿ ಮಾಡಿಸ್ತಿದಾರಂತೆ. ನಾನು ಹೋದ ದಿನದಿಂದ ದಿನಾ ತೆಗೆದು ತೆಗೆದು ನನ್ನ ಹಾಸಿಗೆ ಪಕ್ಕ ಇಡ್ತಿದ್ರು. ಇವತ್ತು ಬೆಳಿಗ್ಗೆ ಗಂಟು ಕಟ್ಟಿ, ‘ಹೇಗೂ ನಿಮ್ಮನೇಲಿ ನೋಡ್ಕೊಳ್ತೀರಲ್ಲ’ ಅಂದ್ರು. ಅಮ್ಮಂದು ಇದಾವಂತೆ ಇದರಲ್ಲಿ.”

ತೊಕುಜಿಯವರು ಗಂಟನ್ನು ನೋಡಿದರು. “ಎಷ್ಟಿವೆ?”

“ಎಣಿಸ್ಲಿಲ್ಲ. ಭಾರ ಇದೆ.”

“ಕೊಡು ಇಲ್ಲಿ.”

ಅವರು ಎದ್ದು ಗಂಟು ಇಸಿದುಕೊಂಡು ಒಳಗೆ ನೋಡಿದರು. ಕಾಲಿಡುವಷ್ಟೂ ನೆಲವಿರಲಿಲ್ಲ. ಬಾಗಿಲ ಪಕ್ಕ ಚಪ್ಪಲಿ ಬಿಡುವ ಕಡೆಯೂ ನಿನ್ನೆ ಬಂದ ಬೇರೆ ಊರಿನ ಪೆಟ್ಟಿಗೆಗಳಿದ್ದವು. ಕಿನುಯೊ ಸೂಟ್‌ಕೇಸನ್ನು ಅಂಗಳದಲ್ಲೇ ಇಟ್ಟು ಮೆಟ್ಟಿಲ ಮೇಲೆ ಕುಳಿತಳು. ತೊಕುಜಿಯವರೂ ಪಕ್ಕದಲ್ಲಿ ಕುಳಿತು ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಅದು ಭಾರವೆನಿಸಿ, ಅರ್ಧವನ್ನು ಅವಳ ತೊಡೆಯ ಮೇಲೆ ಸರಿಸಿದರು. ಅವಳು ತಳ್ಳಲಿಲ್ಲ.

“ಊಟ ಆಯ್ತಾ?” ಎಂದಳು.

“ಇಲ್ಲ.”

“ನಂದೂ ಆಗಿಲ್ಲ.”

ಬೀದಿಯಲ್ಲಿ ಹೋಗುತ್ತಿದ್ದ ಎಗುಚಿಯವರು ಗೇಟಿನ ಮೇಲಿಂದ ಇಣುಕಿದರು. ಗಂಡ, ಹೆಂಡತಿ, ನಡುವೆ ಗಂಟು. ಅವರ ಮುಖ ಅರಳಿತು.

“ಓಹೋ, ಬಂದ್ರಾ ಕಿನುಯೊಸಾನ್! ಇಬ್ಬರೂ ಸೇರಿ ಸಂಗ್ರಹ ಶುರು ಮಾಡಿದ್ರೋ? ಭೇಷ್! ನಾನು ಯೋಚನೆ ಮಾಡ್ತಾ ಇದ್ದೆ, ನಮ್ಮ ಅಮ್ಮನವು ಇನ್ನೂ ಎರಡು ಪೆಟ್ಟಿಗೆ ಇವೆ, ಒಬ್ಬರಿಗೇ ಹೊರೆ ಆಗುತ್ತೇನೋ ಅಂತ. ಇನ್ನು ಚಿಂತೆ ಇಲ್ಲ. ಈಗ್ಲೇ ತರ್ತೀನಿ!”

ತೊಕುಜಿಯವರು ಹೆಂಡತಿಯನ್ನು ನೋಡಿದರು. ಕಿನುಯೊ ಗಂಡನನ್ನು ನೋಡಿದಳು. ಇಬ್ಬರ ಬಾಯಿಯೂ ಒಟ್ಟಿಗೆ ತೆರೆಯಿತು, ಒಟ್ಟಿಗೆ ಮುಚ್ಚಿತು. ಆಮೇಲೆ ಇಬ್ಬರೂ ಎದ್ದು ನಿಂತು, ಗಂಟು ಜಾರದ ಹಾಗೆ ಆ ತುದಿ ಅವಳೂ ಈ ತುದಿ ಇವರೂ ಹಿಡಿದುಕೊಂಡು, ಎಗುಚಿಯವರ ಕಡೆಗೆ ನಡು ಬಗ್ಗಿಸಿ ನಮಸ್ಕರಿಸಿದರು.